ತಲೆನೋವು ಶುರುವಾದ ಗಂಟೆಯನ್ನು ಚೀಟಿಯಲ್ಲಿ ಬರೆಯಿರಿ

ಮೊನ್ನೆ ಮಧ್ಯಾಹ್ನ ನಮ್ಮ ಕ್ಯಾಶುವಾಲ್ಟಿಗೆ ಬಂದ ಒಂದು ರೆಫರ್ ಚೀಟಿಯನ್ನು ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ‘ತೀವ್ರ ತಲೆನೋವು, ವಾಂತಿ, ಬಿ.ಪಿ. ಹೆಚ್ಚಿದೆ, ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂದಷ್ಟೇ ಬರೆದು, ಕೆಳಗೆ ಎರಡು ಇಂಜೆಕ್ಷನ್‌ಗಳ ಹೆಸರನ್ನೂ ಅವುಗಳನ್ನು ಕೊಟ್ಟ ಗಂಟೆ, ನಿಮಿಷವನ್ನೂ ಅಚ್ಚುಕಟ್ಟಾಗಿ ನಮೂದಿಸಿದ್ದರು. ಆ ತಲೆನೋವು ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಹಾವು ಕಚ್ಚಿದವರನ್ನು ಕರೆತಂದರೆ ಎಷ್ಟು ಹೊತ್ತಿಗೆ ಕಚ್ಚಿತು ಎಂದು ನಮ್ಮಲ್ಲಿ ಗೇಟಿನ ವಾಚ್‌ಮನ್ ಕೂಡ ಕೇಳುತ್ತಾನೆ. ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ ತಲೆನೋವಿಗೆ ಆ ಪ್ರಶ್ನೆಯನ್ನು ಯಾರೂ ಏಕೆ ಕೇಳುವುದಿಲ್ಲ?

ಮಿದುಳಿನ ಸುತ್ತಲಿನ ಪೊರೆಗಳ ನಡುವೆ ರಕ್ತ ಸೋರುವುದು, ಅಂದರೆ ಸಬ್‌ಅರಕ್ನಾಯ್ಡ್ ಹೆಮರೇಜ್, ಬಹಳಷ್ಟು ಸಲ ರಕ್ತನಾಳದಲ್ಲಿ ಬೆಳೆದ ಉಬ್ಬೊಂದು ಒಡೆದು ಆಗುವಂಥದ್ದು. ಏಟು ಬೀಳದೆ ಆಗುವ ಇಂಥ ಸ್ರಾವಗಳಲ್ಲಿ ಸುಮಾರು 85 ಶೇಕಡಾ ಹೀಗೆಯೇ ಆಗುತ್ತವೆ. ಸೋರಿದ ರಕ್ತ ಮೊದಲು ಸಿ.ಟಿ. ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತದೆ. ಗಂಟೆಗಳು ಕಳೆದಂತೆ ಅದು ಮಿದುಳಿನ ಸುತ್ತಲಿನ ದ್ರವದಲ್ಲಿ ಬೆರೆತು ತೆಳುವಾಗುತ್ತದೆ. 2011ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ನೋವು ಶುರುವಾದ 6 ಗಂಟೆಗಳೊಳಗೆ ಸ್ಕ್ಯಾನ್ ಆದವರಲ್ಲಿ ಒಂದು ಸ್ರಾವವೂ ತಪ್ಪಿಹೋಗಲಿಲ್ಲ. ಅನಂತರ ಸ್ಕ್ಯಾನ್ ಆದವರಲ್ಲಿ ಸ್ರಾವಗಳ ಪೈಕಿ ಸುಮಾರು 86 ಶೇಕಡಾ ಮಾತ್ರ ಪತ್ತೆಯಾದವು. ಅಂದರೆ ಅದೇ ‘ನಾರ್ಮಲ್’ ಎಂಬ ವರದಿಯನ್ನು ಐದನೆಯ ಗಂಟೆಯಲ್ಲಿ, ಒಳ್ಳೆಯ ಯಂತ್ರವಿದ್ದು ಓದುವವರು ಪಳಗಿದವರಾಗಿದ್ದರೆ ನಂಬಬಹುದು; ಹತ್ತನೆಯ ಗಂಟೆಯಲ್ಲಿ ಅದೊಂದನ್ನೇ ನಂಬಿ ಮನೆಗೆ ಕಳುಹಿಸುವಂತಿಲ್ಲ. ಆಗ ಬೆನ್ನಿನಿಂದ ನೀರು ತೆಗೆದು ನೋಡಬೇಕು, ಇಲ್ಲವೇ ಸಿ.ಟಿ. ಆಂಜಿಯೋಗ್ರಾಮ್ ಮಾಡಬೇಕು. ರಕ್ತ ಬೆರೆತ ಬೆನ್ನಿನ ನೀರು ಹಳದಿಯಾಗುವುದಕ್ಕೂ 12 ಗಂಟೆಯವರೆಗೆ ಸಮಯ ಹಿಡಿಯುತ್ತದೆ. ಎಲ್ಲವೂ ನೋವು ಶುರುವಾದ ಹೊತ್ತಿನ ಲೆಕ್ಕದ ಮೇಲೆ ನಿಂತಿದೆ, ಅದನ್ನೇ ನಾವು ಬರೆಯುವುದಿಲ್ಲ.

ಮೊನ್ನೆ ಆ ಚೀಟಿಯೊಂದಿಗೆ ಬಂದ ಹೆಂಗಸಿನ ಮಗನನ್ನು ನಮ್ಮ ಡ್ಯೂಟಿ ಡಾಕ್ಟರು ಕೇಳಿದರು. ‘ಬೆಳಿಗ್ಗೆಯಿಂದ’ ಎಂದ. ಬೆಳಿಗ್ಗೆ ಎಂದರೆ ಎಷ್ಟು ಹೊತ್ತಿಗೆ ಎಂದು ನಾನು ಮತ್ತೆ ಕೇಳಿದ್ದಕ್ಕೆ, ‘ಸಿಸ್ಟರ್, ಶಾಲೆ ಮಕ್ಕಳ ಬಸ್ಸು ಆಗಷ್ಟೇ ಹೋಗಿತ್ತು, ಅಮ್ಮ ಬಾವಿಯಿಂದ ಕೊಡಪಾನ ಎತ್ತುತ್ತಿದ್ದವಳು ತಲೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು’ ಎಂದು ನಿಖರವಾಗಿ ಹೇಳಿದ. ಬಸ್ಸು ಎಂಟಕ್ಕೆ. ಸ್ಕ್ಯಾನ್ ಮುಗಿದಾಗ ಮೂರು ದಾಟಿತ್ತು, ವರದಿ ನಾರ್ಮಲ್ ಬಂತು. ಆರು ಗಂಟೆ ಮೀರಿದೆ ಎಂದು ಗೊತ್ತಾದ ಕಾರಣಕ್ಕೇ ಅವರನ್ನು ಮಣಿಪಾಲಕ್ಕೆ ಕಳುಹಿಸಿದರು; ಅಲ್ಲಿ ಬೆನ್ನಿನ ನೀರು ಹಳದಿಯಿತ್ತು, ಆಂಜಿಯೋಗ್ರಾಮ್‌ನಲ್ಲಿ ಉಬ್ಬು ಕಂಡಿತು. ಚೀಟಿಯನ್ನಷ್ಟೇ ನಂಬಿದ್ದರೆ ನೋವಿನ ಮಾತ್ರೆ ಕೊಟ್ಟು ಮನೆಗೆ ಕಳುಹಿಸುವ ಸಾಧ್ಯತೆ ಇತ್ತು ಎಂದು ನೆನೆದರೆ ಈಗಲೂ ನನಗೆ ಕೈ ನಡುಗುತ್ತದೆ. ಒಮ್ಮೆ ಒಡೆದ ಉಬ್ಬು ಮತ್ತೆ ಒಡೆಯುವ ಭಯ ಮೊದಲ 24 ಗಂಟೆಗಳಲ್ಲಿಯೇ ಅತಿ ಹೆಚ್ಚು.

ಒಬ್ಬರೇ ವೈದ್ಯರು, ಹೊರಗೆ ನೂರು ಜನ, ತಲೆನೋವೆಂದು ಬಂದವರಿಗೆಲ್ಲ ಸ್ಕ್ಯಾನ್ ಬರೆಯಲಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಕಷ್ಟ ನನಗೂ ಗೊತ್ತು. ಆದರೆ ನಾನು ಕೇಳುತ್ತಿರುವುದು ಸ್ಕ್ಯಾನ್ ಅಲ್ಲ, ಒಂದು ಪ್ರಶ್ನೆ ಮತ್ತು ಅರ್ಧ ಸಾಲಿನ ಬರಹ. ಯಾರನ್ನು ಕಳುಹಿಸಬೇಕೆಂದು ಆರಿಸಲು 2013ರಿಂದ ಒಟ್ಟಾವಾ ನಿಯಮವೂ ಇದೆ. ಪೆಟ್ಟು ಬೀಳದೆ, ಒಂದು ಗಂಟೆಯೊಳಗೆ ತಾರಕಕ್ಕೇರಿದ ಹೊಸ ತಲೆನೋವಿನೊಂದಿಗೆ ಎಚ್ಚರವಾಗಿರುವವರಲ್ಲಿ, ವಯಸ್ಸು 40 ಅಥವಾ ಅದಕ್ಕಿಂತ ಹೆಚ್ಚು, ಕುತ್ತಿಗೆ ನೋವು ಅಥವಾ ಬಿಗಿತ, ಇತರರು ಕಂಡಂತೆ ಪ್ರಜ್ಞೆ ತಪ್ಪಿದ್ದು, ಶ್ರಮದ ಕೆಲಸದ ನಡುವೆ ಶುರುವಾದದ್ದು, ಕ್ಷಣದಲ್ಲೇ ಏರಿದ್ದು, ಪರೀಕ್ಷಿಸುವಾಗ ಕುತ್ತಿಗೆ ಬಾಗದಿರುವುದು: ಇವುಗಳಲ್ಲಿ ಒಂದಿದ್ದರೂ ಮುಂದಿನ ತಪಾಸಣೆ ಆಗಲೇಬೇಕು. ಇದಕ್ಕೆ ಯಾವ ಯಂತ್ರವೂ ಬೇಡ. ಇಂಜೆಕ್ಷನ್ ಕೊಟ್ಟ ಮೇಲೆ ನೋವು ಇಳಿಯಿತು, ಆದ್ದರಿಂದ ಪಿತ್ತವೇ ಇರಬೇಕು ಎಂಬ ವಾದವಂತೂ ಸಲ್ಲದು. ರಕ್ತಸ್ರಾವದ ನೋವೂ ಮಾತ್ರೆಗೆ ತಗ್ಗಬಹುದು.

ಮಿದುಳಿನ ಶಸ್ತ್ರಚಿಕಿತ್ಸೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇಂದಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾದ ಬಾಂಬೋಳಿಯ ದಾರಿ ಹಿಡಿಯಬೇಕು. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ದೊಡ್ಡ ಆಸ್ಪತ್ರೆಗಾಗಿ ನಾವು ಕೂಗುತ್ತಲೇ ಇದ್ದೇವೆ, ಇನ್ನೂ ಕೂಗೋಣ. ಅಲ್ಲಿಯವರೆಗೆ ಗಂಟೆಗಳು ರಸ್ತೆಯಲ್ಲಿಯೇ ಕಳೆಯುವ ನಮ್ಮಂಥವರಿಗೆ ಈ ಲೆಕ್ಕ ಬೆಂಗಳೂರಿನವರಿಗಿಂತ ಹೆಚ್ಚು ಅಗತ್ಯ.

ರೆಫರ್ ಚೀಟಿ ಬರೆಯುವ ಗೆಳೆಯರೇ, ‘ನೋವು ಶುರುವಾದ ಸಮಯ’ ಎಂಬ ಒಂದು ಸಾಲನ್ನು ರಬ್ಬರ್ ಸ್ಟಾಂಪ್ ಮಾಡಿಸಿಯಾದರೂ ಒತ್ತಿ. ರೋಗಿಯ ಮನೆಯವರು ‘ಬೆಳಿಗ್ಗೆಯಿಂದ’ ಎಂದರೆ ಬಿಡಬೇಡಿ. ಯಾವ ಬಸ್ಸು ಹೋಗಿತ್ತು, ಹಾಲು ಕರೆದಾಗಿತ್ತೇ, ಬಾಂಗ್ ಆಗಿತ್ತೇ ಎಂದು ಕೇಳಿ, ಗಡಿಯಾರ ನೋಡದವರೂ ಸರಿಯಾಗಿ ಹೇಳುತ್ತಾರೆ.