ಶಾಲೆಯ ತೊಲೆ ಸೌದೆಯ ಲೆಕ್ಕಕ್ಕೆ

ಬೆಳಿಗ್ಗೆ ನಮ್ಮೂರ ಶಾಲೆಯ ಹತ್ತಿರ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಹೆಂಚು ಇಳಿಸಿ, ಸೂರಿನ ತೊಲೆ, ಪಕ್ಕಾಸು, ರೀಪುಗಳನ್ನೆಲ್ಲ ಕಿತ್ತು ಅಂಗಳದಲ್ಲಿ ರಾಶಿ ಹಾಕಿದ್ದಾರೆ. ನಾಡಿದ್ದು ಹರಾಜಂತೆ, ಸೌದೆಯ ಲೆಕ್ಕದಲ್ಲಿ! ಒಂದು ತೊಲೆಯ ತುದಿ ಕೆರೆದೆ, ಸಾಗುವಾನಿಯ ಎಣ್ಣೆ ವಾಸನೆ ಹಾಗೇ ಬಂತು. ಅಪ್ಪ ಮರಗೆಲಸದವರು, ನಿಮಗೆ ಗೊತ್ತೇ ಇದೆ. ಬೆರಳ ಗಿಣ್ಣಿನಲ್ಲಿ ತಟ್ಟಿ ಮರ ಗಟ್ಟಿಯೋ ಟೊಳ್ಳೋ ಎಂದು ಹೇಳುವುದನ್ನು ಅವರಿಂದಲೇ ಕಲಿತದ್ದು. ಈ ತೊಲೆಗಳಿಗೆ ಏನೂ ಆಗಿಲ್ಲ.

ಇನ್ನು ಬರುವುದು ಕಬ್ಬಿಣದ ಪೈಪು, ಮೇಲೆ ಶೀಟು. ಮಲೆನಾಡಿನ ಮಳೆಗಾಲದಲ್ಲಿ ಶೀಟಿನ ಕೆಳಗೆ ಪಾಠ ಕೇಳಿದವರನ್ನು ವಿಚಾರಿಸಿ. ಮಳೆ ಜೋರಾದರೆ ಮೇಷ್ಟ್ರ ದನಿ ಎರಡನೇ ಬೆಂಚಿಗೂ ಮುಟ್ಟುವುದಿಲ್ಲ. ಮಾರ್ಚ್ ಬಂದರೆ ಅದೇ ಕೋಣೆ ಕಾದ ಕಾವಲಿ.

ಮರ ಬಳಸಿದರೆ ಕಾಡು ಹಾಳು ಅನ್ನುತ್ತಾರೆ. ಇದೇ ಆತಂಕದಿಂದ ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಿಗೆ ಮರ ನಿಷೇಧಿಸಿತ್ತು. 2020ರಲ್ಲಿ ಆ ನಿಷೇಧವೇ ಹೋಯಿತು. ಜಪಾನಿನವರು 2010ರಲ್ಲಿ ಸಾರ್ವಜನಿಕ ಕಟ್ಟಡಗಳಲ್ಲಿ ಮರ ಹೆಚ್ಚು ಬಳಸಲೆಂದೇ ಕಾನೂನು ತಂದರು, ಶಾಲೆಗಳೂ ಸೇರಿ. ನಮ್ಮ ತೊಲೆಗಳಂತೂ ಎಂದೋ ಕಡಿದ ಮರ. ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಸೂರಿನಲ್ಲಿ ಇರುವಷ್ಟು ಕಾಲ ಅದು ಅಲ್ಲೇ ಇರುತ್ತದೆ, ಒಲೆಗೆ ಹಾಕಿದರೆ ಆವತ್ತೇ ಹೊಗೆ.

ಬೆಂಕಿಯ ಭಯವೂ ಇದೆ, ಒಪ್ಪುತ್ತೇನೆ. 2004ರಲ್ಲಿ ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದದ್ದು ನೆನೆದರೆ ಇವತ್ತಿಗೂ ಎದೆ ನಡುಗುತ್ತದೆ. ಅಲ್ಲಿ ಹೊತ್ತಿಕೊಂಡದ್ದು ಗರಿಯ ಚಾವಣಿ. ದಪ್ಪ ತೊಲೆ ಹಾಗೆ ಭಗ್ಗೆಂದು ಉರಿಯುವುದಿಲ್ಲ. ಹೊರಮೈ ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ಮರವನ್ನು ಒಂದಷ್ಟು ಹೊತ್ತು ಕಾಯುತ್ತದೆ. ಕಬ್ಬಿಣವೋ, 600 ಡಿಗ್ರಿ ಹತ್ತಿರ ಬರುವಷ್ಟರಲ್ಲಿ ಅರ್ಧ ಬಲ ಕಳೆದುಕೊಂಡು ಬಾಗುತ್ತದೆ.

ಒಂದು ಮಾತು ಮುಚ್ಚಿಡಬಾರದು. ಎರಡು ವರ್ಷದ ಹಿಂದೆ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ಶೀಟಿನ ಠರಾವಿಗೆ ನಾನೂ ಸಹಿ ಹಾಕಿದ್ದೇನೆ. ಮಂಗಗಳು ಹೆಂಚು ಒಡೆಯುತ್ತಿದ್ದವು, ಮಕ್ಕಳ ಪುಸ್ತಕದ ಮೇಲೆ ಸೋರುತ್ತಿತ್ತು, ನಾಲ್ಕು ಹೆಂಚು ಬದಲಿಸಲು ಮೇಲೆ ಹತ್ತುವವರು ಸಿಗುತ್ತಿರಲಿಲ್ಲ. ಶೀಟು ಅಂದರೆ ಹೆಂಚಿನ ಜೊತೆ ತೊಲೆಯೂ ಹೋಗುತ್ತದೆ ಎಂದು ಆವತ್ತು ಕೇಳಬೇಕಿತ್ತು. ಮರಗೆಲಸದವರ ಮಗನಾಗಿಯೂ ಕೇಳಲಿಲ್ಲ.

ನಾಡಿದ್ದು ಹತ್ತು ಗಂಟೆಗೆ ಹರಾಜು. ಆ ಶಾಲೆಯಲ್ಲಿ ಓದಿದವರು ಬನ್ನಿ, ಸೇರಿ ಸವಾಲು ಕೂಗೋಣ. ಇಬ್ಬರು ಆಚಾರ್ರ ಹತ್ತಿರ ಮಾತಾಡಿದ್ದೇನೆ. ಆ ತೊಲೆಗಳಲ್ಲಿ ಎಷ್ಟು ಡೆಸ್ಕು ಆಗುತ್ತದೋ ಅಷ್ಟನ್ನೂ ಅದೇ ಶಾಲೆಗೆ ಮಾಡಿಕೊಡುತ್ತಾರೆ.