ಫೋರ್ಟ್ ಹುಡ್ ಸಾವುಗಳಿಗೆ ವ್ಯವಸ್ಥೆಯೂ ಹೊಣೆಯೇ? ಪರ-ವಿರೋಧ

ಪರ: ಗೊತ್ತಿತ್ತು, ಆದರೆ ಯಾರೂ ಬರೆಯಲಿಲ್ಲ

2009ರ ನವೆಂಬರ್ 5. ಅಮೆರಿಕದ ಟೆಕ್ಸಸ್‌ನಲ್ಲಿರುವ ಫೋರ್ಟ್ ಹುಡ್ ಸೇನಾ ನೆಲೆ. ಯುದ್ಧಭೂಮಿಗೆ ಹೊರಡಬೇಕಿದ್ದ ಸೈನಿಕರು ಲಸಿಕೆ, ತಪಾಸಣೆ, ಕಾಗದಪತ್ರ ಅಂತ ಕುರ್ಚಿಗಳಲ್ಲಿ ಕಾಯುತ್ತಾ ಕೂತಿದ್ದರು. ಕೈಯಲ್ಲಿ ಆಯುಧ ಇರಲಿಲ್ಲ. ಮೇಜರ್ ನಿದಾಲ್ ಹಸನ್ ಒಳಗೆ ಬಂದು ಗುಂಡು ಹಾರಿಸಿದ. 13 ಜನ ಸತ್ತರು, 30ಕ್ಕೂ ಹೆಚ್ಚು ಜನ ಗಾಯಗೊಂಡರು. ಅವನು ಸೇನೆಯದೇ ಮನೋವೈದ್ಯ!

ಅವನು ಎಂಥವನು ಅಂತ ಜೊತೆಗಿದ್ದವರಿಗೆ ಗೊತ್ತಿತ್ತು. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ 2007ರಲ್ಲಿ ಅವನು ವೈದ್ಯಕೀಯದ ಬಗ್ಗೆ ಮಾತಾಡಬೇಕಿತ್ತು. ಅದು ಬಿಟ್ಟು, ಮುಸ್ಲಿಂ ಸೈನಿಕರನ್ನು ಯುದ್ಧದಿಂದ ಬಿಡುಗಡೆ ಮಾಡದಿದ್ದರೆ ಅನಾಹುತ ಆಗಬಹುದು ಅಂತ ಹೇಳಿದ. ಇನ್ನೊಂದು ತರಗತಿಯಲ್ಲಿ ಸಹಪಾಠಿಗಳು ಸಿಟ್ಟಿಗೆದ್ದು, ಅವನ ಮಾತನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇವನು ಯಾವತ್ತು ಬೇಕಾದರೂ ಸಿಡಿಯುವ ಬಾಂಬು ಅಂತ ಜೊತೆಯವರು ಆಡಿಕೊಂಡಿದ್ದನ್ನು 2011ರ ಸೆನೆಟ್ ಸಮಿತಿ ವರದಿಯೇ ಹೇಳುತ್ತದೆ. ಆದರೆ ಅವನ ಸೇವಾ ವರದಿಗಳಲ್ಲಿ ಬರೀ ಹೊಗಳಿಕೆ. 2009ರ ಮೇ ತಿಂಗಳಲ್ಲಿ ಬಡ್ತಿ, ಜುಲೈನಲ್ಲಿ ಫೋರ್ಟ್ ಹುಡ್‌ಗೆ ವರ್ಗ. ಸಾಗಹಾಕಿ ಕೈ ತೊಳೆದುಕೊಂಡರು, ಅಷ್ಟೇ.

ಇದು ಹೇಗೆ ನಡೆಯುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಒಬ್ಬ ಡ್ರೈವರ್ ಇದ್ದ. ಬೆಳಗ್ಗೆ ಹತ್ತಕ್ಕೇ ಜೀಪಿನೊಳಗೆ ಹೆಂಡದ ವಾಸನೆ. "ಇವತ್ತು ಮುಂದೆ ಕೂರಬೇಡಿ ಮೇಡಂ" ಅಂತ ಅಟೆಂಡರ್ ಮೆಲ್ಲಗೆ ಹೇಳಿ ಹೋಗುತ್ತಿದ್ದ. ವರ್ಷದ ಕೊನೆಗೆ ಅವನ ಸಿ.ಆರ್., ಅಂದರೆ ಸೇವಾ ವರದಿ, ನೋಡಿದರೆ "ಉತ್ತಮ". ಸೂಪರಿಂಟೆಂಡೆಂಟರನ್ನು ನೇರವಾಗಿ ಕೇಳಿದೆ. "ಬರೆದರೆ ವಿಚಾರಣೆ, ಆಮೇಲೆ ಸಂಘದವರು. ಓಡಾಡೋದು ನಾನೇ ಅಲ್ವಾ? ಇನ್ನೇನು ವರ್ಗ ಆಗುತ್ತೆ, ಬಿಡಿ ಮೇಡಂ" ಅಂದರು. ವರ್ಗವೂ ಆಯಿತು. ಬೇರೆ ಜಿಲ್ಲೆಯಲ್ಲಿ ಅದೇ ಡ್ರೈವರ್ ಜೀಪನ್ನು ಮೋರಿಗೆ ಗುದ್ದಿದ. ಪಕ್ಕದಲ್ಲಿ ಕೂತಿದ್ದ ಹುಡುಗನ ಕಾಲು ಹೋಯಿತು. "ನಿಮ್ಮ ಕಡೆಯ ವರದಿಯಲ್ಲಿ ಏನೂ ಇರಲಿಲ್ಲವಲ್ಲ?" ಅಂತ ಅಲ್ಲಿಯ ಅಧಿಕಾರಿ ಫೋನ್ ಮಾಡಿ ಕೇಳಿದಾಗ ನಮ್ಮ ಕಚೇರಿಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಫೋರ್ಟ್ ಹುಡ್‌ನಲ್ಲೂ ಆ ಸುಳ್ಳು ಹೊಗಳಿಕೆಯೇ ಮುಳುವಾಯಿತು. ಯೆಮೆನ್‌ನಲ್ಲಿದ್ದ ಉಗ್ರವಾದಿ ಅನ್ವರ್ ಅಲ್-ಅವ್ಲಾಕಿಗೆ ಹಸನ್ ಬರೆದ ಇ-ಮೇಲ್ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೈಗೆ ಸಿಕ್ಕಿತ್ತು. 2009ರ ಜನವರಿಯಲ್ಲಿ ಸ್ಯಾನ್ ಡಿಯೇಗೊ ತಂಡ ಅದನ್ನು ವಾಷಿಂಗ್ಟನ್‌ಗೆ ಕಳಿಸಿತು. ಅಲ್ಲಿಯ ತನಿಖಾಧಿಕಾರಿ ನೋಡಿದ್ದು ಮೇ ಕೊನೆಯಲ್ಲಿ, ಅದೂ ಬರೀ ನಾಲ್ಕು ಗಂಟೆ ಕಾಲ. ಸೇವಾ ವರದಿ ಚೆನ್ನಾಗಿದೆ, ಇದೆಲ್ಲ ಸಂಶೋಧನೆಗೆ ಇರಬೇಕು ಅಂತ ಫೈಲು ಮುಚ್ಚಿದರು. ಹಸನ್‌ನನ್ನು ಕರೆದು ಒಂದು ಮಾತೂ ಕೇಳಲಿಲ್ಲ.

ಧರ್ಮದ ಕಾರಣಕ್ಕೆ ಅನುಮಾನಿಸಿದಂತಾಗುತ್ತದೆ ಅಂತ ಹೆದರಿದರು ಎನ್ನುತ್ತಾರೆ. ಅದೆಲ್ಲ ನೆಪ. ಬರೆಯುವ ಮನಸ್ಸಿಲ್ಲದವರಿಗೆ ಒಂದಲ್ಲ ಒಂದು ಕಾರಣ ಸಿಗುತ್ತದೆ. ಕೊನೆಗೆ 2011ರಲ್ಲಿ ಸೇನೆ ಒಂಬತ್ತು ಅಧಿಕಾರಿಗಳ ಮೇಲೆ ಶಿಸ್ತುಕ್ರಮ ಕೈಗೊಂಡಿತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ವಿರೋಧ: ಕೊಂದವನು ಒಬ್ಬನೇ

ಈ ಕಡೆಯ ಮಾತನ್ನೂ ಯಾರಾದರೂ ಹೇಳಲಿ ಅಂತ ಸಂಪಾದಕರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಮೇಲಿನ ವಾದದ ಪ್ರಕಾರ ಅನುಮಾನ ಬಂದವರನ್ನೆಲ್ಲ ಹಿಡಿದು ಒಳಗೆ ಹಾಕಬೇಕು. ಅದು ಆಗದ ಮಾತು. ಜಗಳಗಂಟರು, ವಿಚಿತ್ರವಾಗಿ ಮಾತಾಡುವವರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಅವರಲ್ಲಿ ಬಂದೂಕು ಎತ್ತುವವನು ಯಾರು ಅಂತ ಮುಂಚೆ ಹೇಳುವುದು ಹೇಗೆ? ಘಟನೆ ಆದ ಮೇಲೆ ಎಲ್ಲ ಸುಳಿವೂ ಎದ್ದು ಕಾಣುತ್ತದೆ.

ಸ್ಯಾನ್ ಡಿಯೇಗೊದಲ್ಲಿ ಅವ್ಲಾಕಿಯ ಸಾವಿರಾರು ಸಂದೇಶ ಓದುತ್ತಿದ್ದವರು ಮುಖ್ಯವಾಗಿ ಇಬ್ಬರು. ವಾಷಿಂಗ್ಟನ್‌ನ ಅಧಿಕಾರಿಗೆ ಆ ಸಂದೇಶಗಳ ಸಂಗ್ರಹ ಇದೆ ಅನ್ನುವುದೇ ಗೊತ್ತಿರಲಿಲ್ಲ. ಎಫ್‌ಬಿಐ ಕೆಲಸವನ್ನು ಪರಿಶೀಲಿಸಿದ ವೆಬ್‌ಸ್ಟರ್ ಆಯೋಗ 2012ರ ವರದಿಯಲ್ಲಿ ಇದನ್ನು ವಿವರವಾಗಿ ಹೇಳಿದೆ. ಇದರಲ್ಲಿ ಕೆಟ್ಟ ಉದ್ದೇಶ ಎಲ್ಲಿದೆ? ಇನ್ನು ಅಮೆರಿಕದ ಸೇನೆಯಲ್ಲಿ ಸಾವಿರಾರು ಮುಸ್ಲಿಂ ಸೈನಿಕರಿದ್ದಾರೆ. ಒಬ್ಬನ ಧಾರ್ಮಿಕ ಮಾತಿಗೆ ಸೇನೆ ಬೆಚ್ಚಿಬಿದ್ದಿದ್ದರೆ ಅವರೆಲ್ಲರ ಗತಿ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ನೆಪ ಅಂತ ತಳ್ಳಿಹಾಕಿದ್ದು ನನಗೆ ಸರಿ ಕಾಣಲಿಲ್ಲ.

ಸೇವಾ ವರದಿಗಳ ವಿಷಯ ಬೇರೆ. ಅದನ್ನು ನಾನು ಸಮರ್ಥಿಸಲು ಹೋಗುವುದಿಲ್ಲ. ಆದರೆ ಅವನ ಕೈಗೆ ಪಿಸ್ತೂಲು ಕೊಟ್ಟದ್ದು ಸೇನೆ ಅಲ್ಲ. ಕಿಲೀನ್ ಪಟ್ಟಣದ ಅಂಗಡಿಯಲ್ಲಿ ಕಾನೂನು ಪ್ರಕಾರವೇ ಕೊಂಡಿದ್ದ. 2013ರ ವಿಚಾರಣೆಯಲ್ಲಿ ಗುಂಡು ಹಾರಿಸಿದ್ದು ತಾನೇ ಅಂತ ಅವನೇ ಒಪ್ಪಿಕೊಂಡ. ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿದ್ದೂ ಅವನೊಬ್ಬನಿಗೇ.