ಮೊದಲು ಪಂಪು ತೊಳೆಯಿರಿ ಸ್ವಾಮಿ

150 ಲೀಟರಿನ ತೊಟ್ಟಿ, ಅದರಲ್ಲಿ ನಾಲ್ಕಾರು ಅಣಬೆ ಹವಳ. ಅದಕ್ಕೆ 18,000 ರೂಪಾಯಿಯ ವೇವ್‌ಮೇಕರ್, ಅಂದರೆ ತೊಟ್ಟಿಯೊಳಗೆ ನೀರನ್ನು ಅಲೆಯಂತೆ ಓಡಾಡಿಸುವ ಪಂಪು! ಇವತ್ತು ಸಂಜೆ ಅಕ್ವೇರಿಯಂ ಅಂಗಡಿಯೊಂದರಲ್ಲಿ ಈ ವ್ಯಾಪಾರ ನನ್ನ ಕಣ್ಣೆದುರೇ ಕುದುರಿತು. ಕೊಳ್ಳಲು ಬಂದ ಹುಡುಗ ಎಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದವನು. ತೊಟ್ಟಿಯಲ್ಲಿ ಹವಳ ಕೂರಿಸಿದ ಕಲ್ಲಿನ ಹಿಂದೆ ಕೆಂಪು ಲೋಳೆ ಕಟ್ಟುತ್ತಿದೆ, ನೀರು ಓಡಾಡುತ್ತಿಲ್ಲ ಎಂದ. ಅಂಗಡಿಯವರು ಒಂದೇ ಒಂದು ಪ್ರಶ್ನೆ ಕೇಳದೆ ಪೆಟ್ಟಿಗೆ ಕೆಳಗಿಳಿಸಿದರು. ಹುಡುಗ ಮೊಬೈಲ್‌ನಲ್ಲಿದ್ದ ಚಿತ್ರವನ್ನು ನನಗೂ ತೋರಿಸಿದ. ಈಗಿರುವ ಪಂಪಿನ ಜಾಲರಿಯ ತುಂಬ ಸುಣ್ಣ, ಪಾಚಿ.

"ಇದನ್ನು ಯಾವಾಗ ತೊಳೆದದ್ದು ತಮ್ಮ?"

"ಅದನ್ನೂ ತೊಳೆಯಬೇಕಾ ಅಣ್ಣ?"

ತೊಳೆಯಬೇಕು! ಸಮುದ್ರದ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇರುತ್ತದೆ. ನಾವು ಉಪ್ಪು ಕಲಸಿ ಮಾಡುವ ನೀರೂ ಹಾಗೆಯೇ ಇರಬೇಕು. ಅದು ಪಂಪಿನ ಬೆಚ್ಚನೆಯ ಭಾಗದ ಮೇಲೆ ಸುಣ್ಣವಾಗಿ ಕೂರುತ್ತದೆ, ಒಳಗಿನ ಚಕ್ರ ನಿಧಾನವಾಗುತ್ತದೆ. ಅಣಬೆ ಹವಳದಂಥ ಮೆತ್ತನೆಯ ಹವಳಗಳಿಗೆ ಗಂಟೆಗೆ ತೊಟ್ಟಿಯ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ಹರಿವು ಸಾಕು. ಆ ಹುಡುಗನ ಹಳೆಯ ಪಂಪಿನದೇ ಗಂಟೆಗೆ 3,000 ಲೀಟರ್. ಅಂದರೆ ಇಪ್ಪತ್ತು ಪಟ್ಟು! ಬೇಕಾದ ಹರಿವನ್ನು ಅವನು ಆಗಲೇ ದುಡ್ಡು ಕೊಟ್ಟು ಕೊಂಡಾಗಿದೆ. ಈಗ ಅದನ್ನೇ ಎರಡನೆಯ ಸಲ ಕೊಳ್ಳಲು ಹೊರಟಿದ್ದಾನೆ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ, ಪಂಪು ಬಿಚ್ಚಿ ಒಂದೆರಡು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆದು ಹಾಕಿದರೆ ಮುಗಿಯಿತು. ಪ್ಲಗ್ ಕಿತ್ತು ಕೈ ಹಾಕಿ ಎಂದು ಬೇರೆ ಹೇಳಬೇಕೇ?

ಇನ್ನು ಕಲ್ಲು. ಹಿಂದಿನ ಗಾಜಿಗೆ ಒತ್ತಿ ಗೋಡೆಯಂತೆ ಪೇರಿಸಿಟ್ಟರೆ ಯಾವ ಪಂಪು ಏನು ಮಾಡೀತು? ಹವಳಕ್ಕೆ ಕಾಲಿಲ್ಲ. ಅದು ಆಹಾರ ಹುಡುಕಿ ಹೋಗುವುದಿಲ್ಲ, ತನ್ನ ಮೈಮೇಲಿನ ಲೋಳೆಯನ್ನು ತಾನು ಒರೆಸಿಕೊಳ್ಳುವುದಿಲ್ಲ. ಎರಡನ್ನೂ ನೀರೇ ಮಾಡಬೇಕು. ಆದ್ದರಿಂದ ಕಲ್ಲನ್ನು ಗಾಜಿನಿಂದ ನಾಲ್ಕು ಬೆರಳು ಮುಂದೆ ತಂದು, ನಡುವೆ ಕಿಂಡಿ ಬಿಡಿ. ಪಂಪನ್ನು ಹವಳಕ್ಕೆ ನೇರ ಗುರಿಯಿಡಬೇಡಿ. ಮುಂದಿನ ಗಾಜಿಗೆ ಓರೆಯಾಗಿ, ಮೇಲ್ಮೈ ಅಲುಗುವಂತೆ ತಿರುಗಿಸಿ. ಮೀನಿನ ಆಹಾರದ ಪುಡಿ ಒಂದು ಚಿಟಿಕೆ ಬಿಟ್ಟು ನೋಡಿ. ಅದು ಎಲ್ಲಿ ಹೋಗಿ ಕೂರುತ್ತದೆಯೋ ಅಲ್ಲಿಯೇ ನಿಮ್ಮ ಕೆಂಪು ಲೋಳೆಯ ಮೂಲ. ಇಷ್ಟಕ್ಕೂ ಖರ್ಚು ಸೊನ್ನೆ.

ಸಂಪ್‌ನಿಂದ, ಅಂದರೆ ತೊಟ್ಟಿಯ ಕೆಳಗೆ ನೀರು ಸೋಸಲು ಇಡುವ ಇನ್ನೊಂದು ತೊಟ್ಟಿಯಿಂದ, ನೀರೆತ್ತುವ ಪಂಪಿನದು ಇನ್ನೊಂದು ಕಥೆ. ಪೆಟ್ಟಿಗೆಯ ಮೇಲಿನ ಲೀಟರ್ ಲೆಕ್ಕ ಸೊನ್ನೆ ಎತ್ತರಕ್ಕೆ ಬರೆದದ್ದು. ಅಲ್ಲಿಯೇ ಬರೆದಿರುವ ಗರಿಷ್ಠ ಎತ್ತರ ಮುಟ್ಟಿದಾಗ ಹನಿ ನೀರೂ ಹೊರಬರುವುದಿಲ್ಲ. ಅದರ ಮೇಲೆ ಅರ್ಧ ಇಂಚಿನ ಪೈಪು, ಸಾಲಾಗಿ ಎಲ್ಬೋಗಳು. ಚನ್ನಗಿರಿ ಕಡೆಯ ಯಾವ ಅಡಿಕೆ ತೋಟದವರನ್ನಾದರೂ ಕೇಳಿ, ಪೈಪು ಸಣ್ಣದಾದರೆ, ತಿರುವು ಹೆಚ್ಚಾದರೆ ಏನಾಗುತ್ತದೆಂದು ನಿಂತಲ್ಲೇ ಹೇಳುತ್ತಾರೆ. ನಮ್ಮ ಹವ್ಯಾಸಿಗಳಿಗೆ ಮಾತ್ರ ಅದು ರಾಕೆಟ್ ವಿಜ್ಞಾನ. ದಪ್ಪ ಪೈಪು ಹಾಕಿ, ಎಲ್ಬೋ ಬದಲು ಬಾಗುವ ಹೋಸ್ ಹಾಕಿ. ಆಮೇಲೂ ಸಾಲದಿದ್ದರೆ ಹೊಸ ಪಂಪಿನ ಮಾತು.

ದುಬಾರಿ ಪಂಪು ಸದ್ದು ಮಾಡುವುದಿಲ್ಲ, ಅಷ್ಟೇ ಹರಿವಿಗೆ ಕರೆಂಟು ಕಡಿಮೆ ಸುಡುತ್ತದೆ, ಅಲೆಯ ಲಯವನ್ನು ಮೊಬೈಲ್‌ನಲ್ಲೇ ಬದಲಿಸಬಹುದು ಎನ್ನುವವರಿದ್ದಾರೆ. ನಿಜ. ಕಡ್ಡಿಕಡ್ಡಿಯಾಗಿ ಕವಲೊಡೆಯುವ ಕಲ್ಲು ಹವಳಕ್ಕೆ ಅಂಥ ಜೋರು ಹರಿವು ಬೇಕು. ಆದರೆ ಕಲ್ಲು ಹವಳಗಳು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಪಕ್ಕದಲ್ಲಿ. ಆ ಹುಡುಗನ ತೊಟ್ಟಿಯಲ್ಲಿ ಇರುವುದು ಅಣಬೆ ಹವಳ. ಜೋರು ಹರಿವಿಗೆ ಅದು ಮುದುಡಿ ಕೂರುತ್ತದೆ. ಎರಡು ಅಗ್ಗದ ಪಂಪುಗಳನ್ನು ಎದುರುಬದುರು ಕೂರಿಸಿ, ಪ್ಲಗ್‌ಗೆ ಸಿಕ್ಕಿಸುವ ಟೈಮರ್‌ನಿಂದ ಸರದಿಯಂತೆ ನಡೆಸಿದರೆ ನೀರು ದಿಕ್ಕು ಬದಲಿಸಿ ಹರಿಯುತ್ತದೆ. ಅಲೆಯ ಲಯ ಮೊಬೈಲ್‌ನಲ್ಲಿ ಕಾಣುವುದಿಲ್ಲ, ಅಷ್ಟೇ ಕೊರತೆ.

ನನಗೆ ಆಸೆಯೇ ಇಲ್ಲವೆಂದು ತಿಳಿಯಬೇಡಿ. ನನ್ನ ಸಂಬಳ ಅಷ್ಟಕ್ಕಷ್ಟೇ, ಟಿವಿಯ ಜಾಗಕ್ಕೆ ತೊಟ್ಟಿ ತಂದಿಟ್ಟಾಗ ಮನೆಯಲ್ಲಿ ಏನು ನಡೆದಿರಬಹುದೆಂದು ನೀವೇ ಊಹಿಸಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದೇ 18,000ದ ಪಂಪಿನ ವಿಡಿಯೊ ನೋಡುತ್ತಾ ಕೂರುತ್ತೇನೆ. ಇವತ್ತಿನ ಸಿಟ್ಟಿನಲ್ಲಿ ಅರ್ಧ ಹೊಟ್ಟೆಕಿಚ್ಚೇ ಇರಬೇಕು. ಉಳಿದರ್ಧ ಮಾತ್ರ ನ್ಯಾಯವಾದದ್ದು: ಮೊದಲು ಪಂಪು ತೊಳೆ ಎಂದು ಹೇಳಲು ಆ ಅಂಗಡಿಯವರಿಗೆ ಬಾಯಿ ಏಕೆ ಬರಲಿಲ್ಲ? ನಿಂಬೆ ಉಪ್ಪಿನಲ್ಲಿ ಲಾಭವಿಲ್ಲ ಎಂದೇ?

ಇನ್ನೊಂದು ಮಾತು. ನೀರಿನಲ್ಲಿ ಮುಳುಗಿದ ಪಂಪು ತಿನ್ನುವ ಕರೆಂಟೆಲ್ಲ ಕೊನೆಗೆ ಶಾಖವಾಗಿ ಆ ನೀರಿಗೇ ಇಳಿಯುತ್ತದೆ. ದಾವಣಗೆರೆಯ ಏಪ್ರಿಲ್ ಹೇಗಿರುತ್ತದೆಂದು ವಿವರಿಸಬೇಕಿಲ್ಲ. ಹವಳಕ್ಕೆ 25–26 ಡಿಗ್ರಿ ಹಿತ. ಬೇಕಾದ್ದಕ್ಕಿಂತ ದೊಡ್ಡ, ಹೆಚ್ಚು ವ್ಯಾಟಿನ ಪಂಪು ತಂದರೆ, ಅದು ಕಾಯಿಸಿದ ನೀರನ್ನು ತಣಿಸಲು ಚಿಲ್ಲರ್ ಕೊಳ್ಳಿರಿ ಎಂದು ಅದೇ ಅಂಗಡಿಯವರು ಮೇ ತಿಂಗಳಲ್ಲಿ ಹೇಳುತ್ತಾರೆ, ನೋಡುತ್ತಿರಿ. ಒಂದು ಸಣ್ಣ ಫ್ಯಾನನ್ನು ನೀರಿನ ಮೇಲ್ಮೈಗೆ ಬೀಸುವಂತೆ ಇಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟು ಆರ್‌ಒ ನೀರು ಸೇರಿಸಿ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಮತ್ತೆ ಉಪ್ಪುನೀರು ಸುರಿಯಬೇಡಿ.

ನನ್ನ ಬಳಿ ಕೆಲಸ ಮಾಡುವ ಟೈಮರ್ ಒಂದು ಸುಮ್ಮನೆ ಬಿದ್ದಿದೆ. ಊರಿನವರು ಯಾರಿಗಾದರೂ ಬೇಕಿದ್ದರೆ ಭಾನುವಾರ ಬಂದು ಒಯ್ಯಿರಿ. ಬರುವಾಗ ನಿಮ್ಮ ಪಂಪನ್ನೂ ಹಿಡಿದು ತನ್ನಿ, ನಿಂಬೆ ಉಪ್ಪು ನನ್ನದೇ.